ಓದಿ, ಆದರೆ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕ,

ತಪ್ಪು ಕಣ್ಣಿಗೆ ಬೀಳದಿದ್ದರೆ ಪುಸ್ತಕ ಓದಿಲ್ಲವೆಂದೇ ಲೆಕ್ಕ ಎಂದಿದ್ದೆಯೋ, ತಪ್ಪೇ ಇಲ್ಲದ ಪುಸ್ತಕವನ್ನು ನಂಬಬಾರದು ಎಂದಿದ್ದೆಯೋ, ಈಗ ನನಗೆ ಸರಿಯಾಗಿ ನೆನಪಿಲ್ಲ. ಎರಡೂ ಒಂದೇ ಅಲ್ಲ. ಮೊದಲನೆಯದು ಓದುವವರ ಮೇಲಿನ ಅನುಮಾನ, ಎರಡನೆಯದು ಬರೆಯುವವರ ಮೇಲಿನದು. ಹಲ್ಲಿನ ಡಾಕ್ಟರು ಮೊದಲನೆಯದೇ ಎಂದು ಹಟ ಹಿಡಿದಿದ್ದಾರೆ. ನಿಯಮ ಮಾಡಿದ ದಿನ ನಿನ್ನ ಬಲಗೆನ್ನೆ ಊದಿಕೊಂಡಿತ್ತು, ಯಾರಿಗೂ ಎದುರಾಡುವ ಸ್ಥಿತಿಯಲ್ಲಿ ನೀನಿರಲಿಲ್ಲ. ಹಾಗಾಗಿ ಅವರು ಹೇಳಿದ್ದೇ ನಿಂತಿದೆ.

ಪತ್ರ ತಡವಾಯಿತು, ಬೈಯಬೇಡ. ನಿನ್ನ ಎರಡು ಪತ್ರ ಬಂದಿವೆ, ಎರಡರಲ್ಲೂ ಒಂದೇ ಪ್ರಶ್ನೆ. ಗುರುವಾರ ಫೋನಿನಲ್ಲೂ ಅದೇ. "ನನ್ನ ಪುಸ್ತಕ ಕಪಾಟಿಗೆ ಹೋಯ್ತೋ ಇಲ್ವೋ, ಒಂದೇ ಮಾತಲ್ಲಿ ಹೇಳೋ ಮಾರಾಯ." ನಾನು "ಪತ್ರ ಬರೀತೀನಿ" ಅಂದು ಫೋನ್ ಇಟ್ಟುಬಿಟ್ಟೆ. ನಿನಗೆ ಸಿಟ್ಟು ಬಂದಿರಬೇಕು. ಒಂದೇ ಮಾತಿನಲ್ಲಿ ಹೇಳುವುದಾದರೆ, ಹೋಯಿತು. ಆದರೆ ನಿಯಮ ಮಾಡಿದವಳೇ ನೀನು. ಹೋಯಿತು ಎಂದರೆ ಯಾರೋ ಅದರಲ್ಲಿ ಒಂದು ತಪ್ಪು ಹಿಡಿದರು ಎಂದೇ ಅರ್ಥ. ಫೋನಿನಲ್ಲಾದರೆ "ಯಾವ ಪುಟ? ಯಾರು ಹೇಳಿದ್ದು?" ಎಂದು ಮಧ್ಯೆಯೇ ಬಾಯಿ ಹಾಕುತ್ತಿದ್ದೆ. ಪತ್ರಕ್ಕೆ ಬಾಯಿ ಹಾಕಲು ಬರುವುದಿಲ್ಲ. ಅದಕ್ಕೇ ಪತ್ರ.

ನೀನು, ಭಾವ, ಮಕ್ಕಳು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಒಂದು ಕಣ್ಣಿನ ಪೊರೆ ತೆಗೆಸಿದ್ದಾಯಿತು, ಇನ್ನೊಂದಕ್ಕೆ ಸುತರಾಂ ಒಪ್ಪುತ್ತಿಲ್ಲ. "ಒಂದು ಕಣ್ಣಲ್ಲಿ ಕಾಣೋದೇ ಜಾಸ್ತಿ ಆಯ್ತು, ಮನೆ ತುಂಬ ಧೂಳು" ಎನ್ನುತ್ತಾಳೆ, ಆ ಧೂಳಿಗೆ ನಾನೇ ಕಾರಣ ಎಂಬಂತೆ ನೋಡುತ್ತಾಳೆ. ಫೋನ್ ಬಂದರೆ ಈಗಲೂ ಹಲೋ ಅನ್ನುವುದಿಲ್ಲ, "ಹೇಳಿ, ಯಾರು ಬೇಕು?" ಎಂದೇ ಶುರು. ಮೊನ್ನೆ ಗ್ಯಾಸಿನವನು ಗಾಬರಿಯಾಗಿ, "ಸಾರಿ ಮೇಡಂ, ಯಾವುದೋ ಆಫೀಸಿಗೆ ಹೋಯ್ತು" ಅಂತ ಇಟ್ಟೇಬಿಟ್ಟನಂತೆ. ಎರಡು ದಿನ ಸಿಲಿಂಡರ್ ಇಲ್ಲದೆ ಒದ್ದಾಡಿದೆವು. ಚಿಕ್ಕವರಿದ್ದಾಗ ನಾವಿಬ್ಬರೂ ಬಾಗಿಲ ಹಿಂದೆ ನಿಂತು ಅವಳನ್ನು ಅಣಕಿಸುತ್ತಿದ್ದೆವು, ನೆನಪಿದೆಯಾ? ನೀನು ಕೈಯನ್ನು ಕಿವಿಗಿಟ್ಟು ಮೂಗಿನಲ್ಲಿ "ಯಾಅರು ಬೇಕೂ" ಅನ್ನುತ್ತಿದ್ದೆ. ಅವಳು ಕೇಳಿಸಿಕೊಂಡೂ ಕೇಳಿಸದಂತೆ ಇರುತ್ತಿದ್ದಳು.

ಇನ್ನು ನಮ್ಮ ಓದುಗ ಬಳಗದ ವಿಷಯ. ಗೊತ್ತಿರುವುದನ್ನೇ ಹೇಳುತ್ತಾನೆ ಅನ್ನಬೇಡ. ಊರು ಬಿಟ್ಟು ಹೋದವರಿಗೆ ತಾವು ಮಾಡಿಟ್ಟ ನಿಯಮಗಳು ಚಂದವಾಗಿ ನೆನಪಿರುತ್ತವೆ, ಅವುಗಳ ಜೊತೆ ಏಗುವವರು ನಾವು.

ಕ್ಲಿನಿಕ್ಕಿನ ಮುಂದಿನ ಕೋಣೆ ಹಾಗೆಯೇ ಇದೆ. ಅದೇ ಹಸಿರು ರೆಕ್ಸಿನ್ ಬೆಂಚು, ಗೋಡೆಯ ಮೇಲೆ ಅದೇ ದವಡೆಯ ಚಿತ್ರ, ಅದರ ಕೆಳಗೆ ಗಾಜಿನ ಬಾಗಿಲಿನ ಕಪಾಟು. "ಈ ಹಾಳು ಸಿನಿಮಾ ಪತ್ರಿಕೆ ತೆಗೆದು ಒಳ್ಳೇ ಇತಿಹಾಸದ ಪುಸ್ತಕ ಇಡಿ, ನೋವಾದ್ರೂ ಮರೀತೀವಿ" ಎಂದು ಹಲ್ಲುನೋವಿನಲ್ಲೇ ಜಗಳ ತೆಗೆದು ನೀನು ಶುರುಮಾಡಿಸಿದ ಕಪಾಟು. ತಿಂಗಳಿಗೊಂದು ಭಾನುವಾರ ಸಂಜೆ, ರೋಗಿಗಳಿಲ್ಲದ ಹೊತ್ತಿನಲ್ಲಿ ನಾವು ಸೇರುತ್ತೇವೆ. ಯಾರಾದರೂ ಒಂದು ಪುಸ್ತಕ ತಂದು, ಇದನ್ನು ನಾಲ್ಕು ಜನ ಓದಬೇಕು ಎನ್ನುತ್ತಾರೆ. ಬರೀ ಹೊಗಳಿದರೆ ಆಗದು. ಒಂದು ತಪ್ಪು ತೋರಿಸಬೇಕು, ಅದನ್ನು ಚೀಟಿಯಲ್ಲಿ ಬರೆದು ಪುಸ್ತಕದ ಮೊದಲ ಪುಟಕ್ಕೆ ಅಂಟಿಸಬೇಕು, ಚೀಟಿ "ಓದಿ, ಆದರೆ" ಎಂದೇ ಆರಂಭವಾಗಬೇಕು. "ಓದಿ, ಆದರೆ ಲೇಖಕರು ಸೈನ್ಯವನ್ನು ಸೇತುವೆಯ ಮೇಲೆ ದಾಟಿಸಿದ್ದಾರೆ, ಸೇತುವೆ ಕಟ್ಟಿದ್ದು ಯುದ್ಧ ಮುಗಿದ ಮೇಲೆ." "ಓದಿ, ಆದರೆ ಇವರು ರಾಣಿಗೆ ಮರುಳಾಗಿದ್ದಾರೆ, ಆಕೆ ತೆರಿಗೆ ಏರಿಸಿದ ವರ್ಷಗಳೇ ಪುಸ್ತಕದಲ್ಲಿಲ್ಲ." ಹಲ್ಲು ಕೀಳಿಸಲು ಬಂದವರು ಮೊದಲು ಚೀಟಿ ಓದುತ್ತಾರೆ. ಕೆಲವರು ಚೀಟಿಯನ್ನಷ್ಟೇ ಓದಿ, ಊರಲ್ಲಿ ದೊಡ್ಡ ಇತಿಹಾಸತಜ್ಞರ ಹಾಗೆ ಓಡಾಡುತ್ತಾರೆ.

ನಿವೃತ್ತ ಸ್ಟೇಷನ್ ಮಾಸ್ಟರರನ್ನು ನಾವೀಗ ಅಡಿಟಿಪ್ಪಣಿ ಎಂದು ಕರೆಯುತ್ತೇವೆ, ಅವರ ಎದುರಿಗೇ. ಒಂದು ವಾಕ್ಯ ಹೇಳಿದರೆ ಅದಕ್ಕೆ ಮೂರು ಆಧಾರ ಸೇರಿಸದೆ ಅವರಿಗೆ ಉಸಿರಾಡಲು ಆಗುವುದಿಲ್ಲ. ಟೈಲರ್ ಅಂಗಡಿಯವರಿಗೆ ಸಾಮ್ರಾಜ್ಯ ಎಂದು ಹೆಸರು. ಸಾವಿರ ಪುಟಕ್ಕೆ ಕಡಿಮೆಯಿದ್ದರೆ, ಒಂದಾದರೂ ಸಾಮ್ರಾಜ್ಯ ಎದ್ದು ಬೀಳದಿದ್ದರೆ ಅವರಿಗೆ ಅದು ಇತಿಹಾಸವೇ ಅಲ್ಲ. "ಅದೆಲ್ಲ ಕೈಚೀಲ ಹೊಲಿದ ಹಾಗೆ ರೀ. ಕೋಟು ಹೊಲಿಯೋದು ಬೇರೆ" ಎನ್ನುತ್ತಾರೆ. ಈ ಇಬ್ಬರ ಮಧ್ಯೆ ಡಾಕ್ಟರು ನ್ಯಾಯಾಧೀಶರ ಹಾಗೆ, ತಿರುಗುವ ಸ್ಟೂಲಿನ ಮೇಲೆ.

ಈ ವರ್ಷ ಕಪಾಟಿಗೆ ಬಂದವುಗಳಲ್ಲಿ ಎರಡನ್ನು ನೀನು ಓದಲೇಬೇಕು. ಒಂದು, ಗಡಿಯಾರ ಬರುವ ಮೊದಲು ಜನ ಹೊತ್ತನ್ನು ಹೇಗೆ ತಿಳಿಯುತ್ತಿದ್ದರು ಎಂಬ ಬಗ್ಗೆ. ನೆರಳು, ಹಸಿವು, ದನ ಮನೆಗೆ ಬರುವುದು, ಇಂಥ ಸಂಗತಿಗಳ ಮೇಲೆ ಮುನ್ನೂರು ಪುಟ, ಒಂದೂ ಬೇಸರವಿಲ್ಲ. ಚೀಟಿ ಬರೆದವರು ಅಡಿಟಿಪ್ಪಣಿ: "ಓದಿ, ಆದರೆ ರೈಲು ಬಂದ ಮೇಲೆ ಎಲ್ಲರೂ ಸಮಯಕ್ಕೆ ಸರಿಯಾಗಿ ಬರತೊಡಗಿದರು ಎಂದಿದ್ದಾರೆ. ರೈಲೇ ಬರುತ್ತಿರಲಿಲ್ಲ." ಇನ್ನೊಂದು ಒಂದು ಕೋಟೆಯ ಮುತ್ತಿಗೆಯ ಕಥೆ, ಒಳಗಿನ ಅಡುಗೆಮನೆಯ ಕಡೆಯಿಂದ ಬರೆದದ್ದು. ಸೇನಾಪತಿಗಳೆಲ್ಲ ಅದರಲ್ಲಿ ಊಟಕ್ಕೆ ಬಂದು ಹೋಗುವವರು, ಅಷ್ಟೇ. ಕೊನೆಯಲ್ಲಿ ಲೇಖಕ, ತಾನು ಯಾರು ಯಾರನ್ನು ಕೇಳಬೇಕಿತ್ತು, ಯಾರನ್ನು ಕೇಳಲಾಗಲಿಲ್ಲ, ಏಕೆ ಎಂದು ಎರಡು ಪುಟ ಬರೆದಿದ್ದಾನೆ. ಅಂಥ ಎರಡು ಪುಟ ನಾನು ಬೇರೆಲ್ಲೂ ಕಂಡಿಲ್ಲ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಆ ಎರಡು ಪುಟವಾದರೂ ಓದು.

ನಿನ್ನ ಪುಸ್ತಕವನ್ನು ತಂದವನು ನಾನೇ. ಬೇರೆ ಯಾರು ತರುತ್ತಾರೆ? "ನನಗೆ ಪ್ರಶಸ್ತಿ ಬೇಡ, ಆ ಕಪಾಟು ಸಾಕು" ಎಂದು ನೀನು ಬರೆದಿದ್ದೆ. ಅದು ನಿಜವೆಂದು ನನಗೆ ಗೊತ್ತು. ಬಳಗಕ್ಕೆ ಸಾರಾಂಶ ಹೇಳುವ ಕೆಲಸವೂ ನನ್ನ ತಲೆಗೇ ಬಂತು. ಐವತ್ತು ವರ್ಷದ ಹಿಂದೆ ನಮ್ಮೂರ ಗಾಜಿನ ಕಾರ್ಖಾನೆಯಲ್ಲಿ ಒಂದು ದಿನ ಮುಷ್ಕರ ನಡೆಯಿತು, ಈ ಪುಸ್ತಕ ಆ ಒಂದು ದಿನದ ಬಗ್ಗೆ, ಹೆಸರು "ಗಾಜು ಹೆಪ್ಪುಗಟ್ಟಿದ ದಿನ" ಎಂದೆ. ಕುಲುಮೆ ಆರಿದರೆ ಗಾಜು ಒಳಗೇ ಕಲ್ಲಾಗಿ ಕುಲುಮೆಯೇ ಹಾಳಾಗುತ್ತದೆ, ಆದ್ದರಿಂದ ಕೆಲಸಗಾರರು ಸುಮ್ಮನೆ ಕೈಕಟ್ಟಿ ಅಂಗಳದಲ್ಲಿ ಕೂತರು, ಗೇಟಿನಿಂದ ಯಾರೂ ಹೊರಹೋಗದಂತೆ ನೋಡಿಕೊಂಡರು. ಮ್ಯಾನೇಜರ್ ಬಂದೂಕಿನ ಪೊಲೀಸರನ್ನು ಕರೆಸಲು ಫೋನೆತ್ತಿದ, ಕರೆ ಹೋಗಲಿಲ್ಲ, ಏಕೆಂದರೆ ಸ್ವಿಚ್‌ಬೋರ್ಡಿನಲ್ಲಿ ಕರೆ ಜೋಡಿಸಿಕೊಡುವ ಕಾರ್ಖಾನೆಯ ಟೆಲಿಫೋನ್ ಆಪರೇಟರ್ ಹುಡುಗಿ ಸೀಟಿನಲ್ಲಿರಲಿಲ್ಲ. ಸಂಜೆಗೆ ಮಾಲೀಕರೇ ಓಡಿ ಬಂದು ಮಾತುಕತೆಗೆ ಕೂತರು. ಯಾರೂ ಸಾಯಲಿಲ್ಲ.

"ಯಾರೂ ಸಾಯ್ಲಿಲ್ವಾ?" ಎಂದರು ಸಾಮ್ರಾಜ್ಯ, ಮೋಸ ಹೋದವರಂತೆ.

ಮೂರು ಸಭೆ, ಅಕ್ಕ. ಮೂರು ಸಭೆ ನಿನ್ನ ಪುಸ್ತಕದಲ್ಲಿ ತಪ್ಪು ಹುಡುಕಿದ್ದೇವೆ. ನಿನ್ನ ಮೇಲೆ ನನಗೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಇಷ್ಟು ಸರಿಯಾಗಿ ಬರೆಯಬೇಕಾದ ಅಗತ್ಯವೇನಿತ್ತು? ಅಡಿಟಿಪ್ಪಣಿ ಹಳೆಯ ವೇಳಾಪಟ್ಟಿಗಳನ್ನು ಹೊತ್ತು ತಂದು, ನೀನು ಹೇಳಿದ ಗೂಡ್ಸ್ ಗಾಡಿ ಆ ದಿನ ಓಡಿರಲು ಸಾಧ್ಯವೇ ಇಲ್ಲ ಎಂದು ಸಾಧಿಸಲು ಹೊರಟರು. ಓಡಿತ್ತು. ಅವರೇ ತಮ್ಮ ಕೈಯಾರೆ ಅದನ್ನು ಖಚಿತಪಡಿಸಿ, ಮುಖ ಸಣ್ಣಗೆ ಮಾಡಿಕೊಂಡು ಕೂತರು. ಡಾಕ್ಟರಿಗೆ ಒಂದು ಫೋಟೋದ ಮೇಲೆ ಅನುಮಾನ. ಗಾಜು ಊದುವವನೊಬ್ಬ ನಗುತ್ತಿದ್ದಾನೆ, ಕೆಳಗೆ ನೀನು ಮೂವತ್ತರ ಹರೆಯದವ ಎಂದು ಬರೆದಿದ್ದೀಯ. "ಈ ಹಲ್ಲಿಗೆ ಐವತ್ತು ವರ್ಷ ಆಗಿದೆ" ಎಂದು ಭೂತಗನ್ನಡಿ ಹಿಡಿದು ಸಂಭ್ರಮಪಟ್ಟರು. ಮುಂದಿನ ಸಭೆಗೆ ಅವರೇ ಬಂದು, ದಿನವೂ ಕಬ್ಬಿಣದ ಊದುಕೊಳವೆ ಕಚ್ಚುವವರ ಹಲ್ಲು ಬೇಗ ಸವೆಯುತ್ತದೆ, ಮೂವತ್ತೇ ಸರಿ ಎಂದು ಒಪ್ಪಿಕೊಂಡರು. ಸಾಮ್ರಾಜ್ಯ ಅವರ ಆಕ್ಷೇಪಣೆ ಪುಸ್ತಕ ಸಣ್ಣದು ಎಂಬುದೊಂದೇ. "ಒಂದು ದಿನಕ್ಕೆ ಒಂದು ಪುಸ್ತಕ ಅಂದ್ರೆ, ನಮ್ಮ ಮುತ್ತಾತ ಬದುಕಿದ್ದಕ್ಕೆ ಎಷ್ಟು ಆಗ್ಬೇಕು?" ಡಾಕ್ಟರು, ಅದು ಅಭಿಪ್ರಾಯ, ತಪ್ಪಲ್ಲ ಎಂದು ತಳ್ಳಿಹಾಕಿದರು.

ನನ್ನನ್ನು ಕೇಳಿದರೆ? ನಾನು ಆ ಪುಸ್ತಕದ ಕರಡು ತಿದ್ದಿದವನು. ಪ್ರೆಸ್ಸಿನಲ್ಲಿ ಕೂತು ಮೂರು ಸಲ ಓದಿದ್ದೇನೆ. ಕರಡು ತಿದ್ದುವವನಿಗೆ ಕಾಗುಣಿತ ಕಾಣುತ್ತದೆ, ವಿಷಯ ಕಾಣುವುದಿಲ್ಲ. ಎಲ್ಲ ವಿಮರ್ಶಕರೂ ಎತ್ತಿ ಹೇಳಿದ ಆ ವಾಕ್ಯವಿದೆಯಲ್ಲ, "ಸ್ವಿಚ್‌ಬೋರ್ಡಿನ ಮುಂದಿನ ಕುರ್ಚಿ ಆ ಮಧ್ಯಾಹ್ನ ಖಾಲಿಯಿತ್ತು, ಊರು ಬದುಕಿಕೊಂಡಿದ್ದು ಆ ಖಾಲಿತನದಿಂದ", ಅದರ ನಡುವಿನ ಅಲ್ಪವಿರಾಮ ನಾನು ಹಾಕಿದ್ದು. ಅದರ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು.

ಕಳೆದ ಭಾನುವಾರ ಕೊನೆಯ ಸಭೆ. ಮೂರರಲ್ಲಿ ತೀರ್ಮಾನವಾಗದಿದ್ದರೆ ಪುಸ್ತಕ ಹಿಂದಕ್ಕೆ, ಇದೂ ನಿನ್ನದೇ ನಿಯಮ. ಹೊರಡುವಾಗ ಅಮ್ಮ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು.

"ನೀನೆಲ್ಲಿಗಮ್ಮ?"

"ನನ್ನ ಮಗಳ ಪುಸ್ತಕ. ನಾನೂ ಬರ್ತೀನಿ."

"ಅಲ್ಲಿ ಬರೀ ಜಗಳ ಅಮ್ಮ."

"ಜಗಳ ನಾನೇನು ನೋಡಿಲ್ವಾ?"

ಎರಡು ವಾರದಿಂದ ರಾತ್ರಿ ಊಟವಾದ ಮೇಲೆ ನಿನ್ನ ಪುಸ್ತಕವನ್ನು ಅವಳಿಗೆ ಓದಿ ಹೇಳುತ್ತಿದ್ದೆ, ಅವಳೇ ಕೇಳಿದ್ದಳು. ಮಧ್ಯೆ ಮಧ್ಯೆ "ಹೂಂ" ಅನ್ನುತ್ತಿದ್ದಳು, ಅಷ್ಟೇ. ಕುರ್ಚಿಯ ವಾಕ್ಯ ಬಂದಾಗ ಮಾತ್ರ, "ಇಲ್ಲಿಗೆ ಸಾಕು ಇವತ್ತು, ನಿದ್ದೆ ಬರ್ತಿದೆ" ಎಂದಿದ್ದಳು. ನನಗೂ ನಿದ್ದೆ ಬಂದಿತ್ತು. ದೀಪ ಆರಿಸಿದೆ.

ಸಭೆಯಲ್ಲಿ ಅವಳನ್ನು ಬೆಂಚಿನ ತುದಿಯಲ್ಲಿ ಕೂರಿಸಿದೆವು, ದವಡೆಯ ಚಿತ್ರದ ಕೆಳಗೆ. ಡಾಕ್ಟರು "ಅಮ್ಮ, ನೀವು ಹಲ್ಲು ತೋರಿಸಬೇಕಾ?" ಎಂದು ಕೇಳಿದರು. "ಇರೋದೇ ನಾಲ್ಕು, ಅವು ಚೆನ್ನಾಗಿವೆ" ಎಂದಳು. ಆಮೇಲೆ ನಮ್ಮ ಕಿರುಚಾಟ ಶುರುವಾಯಿತು. ಪುಸ್ತಕ ಎಲ್ಲರಿಗೂ ಇಷ್ಟ. ಸಾಮ್ರಾಜ್ಯ ಕೂಡ, ಸಣ್ಣದಾದರೂ ಪರವಾಗಿಲ್ಲ ಎಂಬಲ್ಲಿಗೆ ಬಂದು, ಆ ಕುರ್ಚಿಯ ವಾಕ್ಯವನ್ನು ಗಟ್ಟಿಯಾಗಿ ಓದಿದರು. ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. "ನೋಡ್ರಿ, ಇಲ್ಲಿ ಒಂದು ಸಾಮ್ರಾಜ್ಯದಷ್ಟು ವಿಷಯ ಇದೆ" ಎಂದರು. ಅವರ ಬಾಯಿಂದ ಇದಕ್ಕಿಂತ ದೊಡ್ಡ ಮಾತು ಬರಲಾರದು. ಆದರೆ ತಪ್ಪಿಲ್ಲ. ತಪ್ಪಿಲ್ಲದೆ ಚೀಟಿಯಿಲ್ಲ, ಚೀಟಿಯಿಲ್ಲದೆ ಕಪಾಟಿಲ್ಲ.

"ಯಾವುದಾದರೂ ಇಸವಿ ಒಂದು ತಪ್ಪು ಅಂತ ಬರೆದು ಅಂಟಿಸಿಬಿಡೋಣ, ಯಾರು ನೋಡ್ತಾರೆ?" ಎಂದರು ಅಡಿಟಿಪ್ಪಣಿ. ಯೋಚನೆ ಮಾಡು, ಅಡಿಟಿಪ್ಪಣಿ! ಜೀವಮಾನವೆಲ್ಲ ಆಧಾರ ಆಧಾರ ಎಂದು ನಮ್ಮ ಪ್ರಾಣ ತೆಗೆದ ಮನುಷ್ಯ. ಡಾಕ್ಟರಿಗೆ ಮೈ ಉರಿದುಹೋಯಿತು. "ಹಾಗಾದ್ರೆ ಸುಳ್ಳು ಹಲ್ಲು ಕಟ್ಟೋಣ್ವಾ ಪುಸ್ತಕಕ್ಕೆ?" ಎಂದು ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿ ಕೂತುಬಿಟ್ಟರು. ನಾನು ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದೆ. ನಿನಗೆ ಏನು ಬರೆಯುವುದು ಎಂಬ ಚಿಂತೆ ಆಗಲೇ ಹತ್ತಿತ್ತು.

"ಒಂದು ತಪ್ಪಿದೆ" ಎಂದಳು ಅಮ್ಮ.

ಯಾರೂ ಕೇಳಿಸಿಕೊಳ್ಳಲಿಲ್ಲ. ಅವಳು ಇನ್ನೊಮ್ಮೆ ಹೇಳಲಿಲ್ಲ, ನಾವು ಸುಮ್ಮನಾಗುವವರೆಗೆ ಕಾದಳು. ಆಮೇಲೆ ಹೇಳಿದಳು: "ಕುರ್ಚಿ ಖಾಲಿ ಇರ್ಲಿಲ್ಲ."

ಅಡಿಟಿಪ್ಪಣಿ ಬಹಳ ಗೌರವದಿಂದ, ಮಕ್ಕಳಿಗೆ ಹೇಳುವಂತೆ ಹೇಳಿದರು: "ಅಮ್ಮ, ಅದಕ್ಕೆ ವಿಚಾರಣಾ ಸಮಿತಿಯ ವರದಿ ಇದೆ. ಮ್ಯಾನೇಜರ್ ಸಾಕ್ಷಿ ಹೇಳಿದ್ದಾರೆ. ಕೆಲಸದಲ್ಲಿದ್ದ ಆಪರೇಟರ್ ಸ್ಥಳದಲ್ಲಿರಲಿಲ್ಲ ಅಂತ ಮುದ್ರಣ ಆಗಿದೆ. ಆಧಾರ ಇದೆ."

"ಆಧಾರ ಇರಬಹುದಪ್ಪ. ಕೂತಿದ್ದವಳು ನಾನು."

ನಮ್ಮ ಮನೆಯಲ್ಲಿ ಇದನ್ನು ಯಾವಾಗಲೂ ಹೇಗೆ ಹೇಳುತ್ತಿದ್ದೆವು, ಅಕ್ಕ? "ಅಮ್ಮ ಮದುವೆಗೆ ಮುಂಚೆ ಕಾರ್ಖಾನೆ ಆಫೀಸಲ್ಲಿ ಏನೋ ಸ್ವಲ್ಪ ದಿನ ಕೆಲಸ ಮಾಡ್ತಿದ್ಲು." ಆ "ಏನೋ" ಎಂಬಲ್ಲಿಗೆ ಇಬ್ಬರೂ ನಿಂತುಬಿಟ್ಟಿದ್ದೆವು.

ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಲು ನೋಡುತ್ತೇನೆ. ಕಿಟಕಿಯಿಂದ ಅಂಗಳ ಕಾಣುತ್ತಿತ್ತಂತೆ. ಕೆಲಸಗಾರರ ಹೆಂಡಂದಿರು ಮಧ್ಯಾಹ್ನದ ಊಟ ತಂದಿದ್ದರು, ಕೂಸುಗಳನ್ನೂ ಎತ್ತಿಕೊಂಡು ಬಂದಿದ್ದರು, ನೆರಳಿರುವ ಕಡೆ ಚಾದರ ಹಾಸಿ ಮಲಗಿಸಿದ್ದರು. ಮ್ಯಾನೇಜರ್ ತನ್ನ ರೂಮಿನ ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ಫೋನಿನಲ್ಲೇ ಅರಚುತ್ತಿದ್ದ, ಪೊಲೀಸ್ ಕ್ಯಾಂಪಿಗೆ ಲೈನ್ ಕೊಡು ಎಂದು. ಇವಳು ಆ ಲೈನಿನ ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡಳು.

"ಆಮೇಲೆ ಏನಂದಿರಿ?" ಎಂದು ಡಾಕ್ಟರು ಕೇಳಿದರು. ಸ್ಟೂಲು ಯಾವಾಗ ಇತ್ತ ತಿರುಗಿತೋ ನಾನು ನೋಡಲಿಲ್ಲ.

ಅಮ್ಮ ಸ್ವಲ್ಪ ನೆಟ್ಟಗೆ ಕೂತಳು. ಅವಳ ಗಂಟಲಿನಿಂದ, ನಾನು ನನ್ನ ಜೀವಮಾನದಲ್ಲಿ ಕೇಳದಿದ್ದ, ಬಹಳ ತೆಳ್ಳಗಿನ ಒಂದು ಹುಡುಗಿಯ ದನಿ ಬಂತು. "ಟ್ರೈ ಮಾಡ್ತಾ ಇದೀನಿ ಸಾರ್. ಲೈನ್ ಸಿಗ್ತಾ ಇಲ್ಲ ಸಾರ್. ಇನ್ನೊಂದ್ಸಲ ನೋಡ್ತೀನಿ ಸಾರ್." ಮತ್ತೆ ಅವಳದೇ ದನಿಯಲ್ಲಿ: "ಸಂಜೆವರೆಗೂ ಇದೇ. ಕೈ ಬೆವತು ಪ್ಲಗ್ಗು ಜಾರ್ತಿತ್ತು."

ಆಮೇಲೆ ಅಡಿಟಿಪ್ಪಣಿ ಕೂಡ ಆಧಾರ ಕೇಳಲಿಲ್ಲ.

ಮ್ಯಾನೇಜರ್ ಸುಳ್ಳು ಸಾಕ್ಷಿ ಹೇಳಿದ್ದೇಕೆ ಎಂದು ಸಾಮ್ರಾಜ್ಯ ಕೇಳಿದರು. "ಒಂದು ಹುಡುಗಿ ತನ್ನನ್ನ ಮಧ್ಯಾಹ್ನ ಪೂರ್ತಿ ಏಮಾರಿಸಿದ್ಲು ಅಂತ ಹೇಳ್ಕೊಳ್ಳೋಕೆ ಅವನಿಗೆ ನಾಚಿಕೆ. ಕೂತ್ಕೊಂಡೇ ಲೈನ್ ಕೊಡ್ಲಿಲ್ಲ ಅಂತ ಒಪ್ಕೊಳ್ಳೋಕೆ ನನಗೆ ಹೆದರಿಕೆ. ಸೀಟಲ್ಲಿ ಇರ್ಲಿಲ್ಲ ಅಂದ್ರೆ ಇಬ್ಬರಿಗೂ ಅನುಕೂಲ. ಸೀಟು ಬಿಟ್ಟು ಹೋಗಿದ್ದಳು ಅಂತ ಕೆಲಸದಿಂದ ತೆಗೆದ್ರು. ಮುಂದಿನ ವರ್ಷ ಮದುವೆ ಆಯ್ತು." ಅಪ್ಪನಿಗೂ ಹೇಳಿರಲಿಲ್ಲವಂತೆ. "ಅವರಿಗೆ ಹೇಳಿದ್ರೆ ಊರಿಗೇ ಹೇಳಿದ ಹಾಗೆ" ಎಂದಳು. ಇದು ಮಾತ್ರ ಅಪ್ಪಟ ಸತ್ಯ, ಇದಕ್ಕೆ ನಾವಿಬ್ಬರೂ ಸಾಕ್ಷಿ.

ಡಾಕ್ಟರು ಚೀಟಿ ತೆಗೆದರು. ಯಾವ ಪುಟ ಎಂದು ಕೇಳಿದರು, ನಾನು ಹೇಳಿದೆ. ತಪ್ಪು ಹಿಡಿದವರೇ ಬರೆಯಬೇಕು ಎಂಬುದು ಪದ್ಧತಿ, ಅಮ್ಮನಿಗೆ ಪೆನ್ನು ಕೊಟ್ಟರು. ಅವಳು ಪೊರೆ ತೆಗೆಸಿದ ಕಣ್ಣನ್ನು ಕಾಗದಕ್ಕೆ ಹತ್ತಿರ ತಂದು, ದೊಡ್ಡ ಅಕ್ಷರಗಳಲ್ಲಿ ಬರೆದಳು: "ಓದಿ, ಆದರೆ ಕುರ್ಚಿಯಲ್ಲಿ ಒಬ್ಬಳು ಇದ್ದಳು." ಹೆಸರು ಹಾಕಿ ಎಂದರೆ ಒಪ್ಪಲಿಲ್ಲ. "ಪುಸ್ತಕದ ಮೇಲೆ ಮಗಳ ಹೆಸರು ಇದೆಯಲ್ಲ" ಎಂದಳು.

ಹೀಗೆ ಹೋಯಿತು ನಿನ್ನ ಪುಸ್ತಕ ಕಪಾಟಿಗೆ. ಸೋಮವಾರವೇ ಯಾರೋ ಅದನ್ನು ಕೈಗೆತ್ತಿಕೊಂಡು, ಹೆಸರು ಕರೆದರೂ ಒಳಗೆ ಹೋಗಲಿಲ್ಲವಂತೆ. ಡಾಕ್ಟರು ಹೆಮ್ಮೆಯಿಂದ ಹೇಳಿದರು. ಅವರ ಇಡೀ ಬೆಳಿಗ್ಗೆಯ ಸರದಿ ಅಸ್ತವ್ಯಸ್ತವಾಯಿತು ಎಂದೂ ಹೇಳಿದರು.

ಎರಡನೇ ಮುದ್ರಣಕ್ಕೆ ಪ್ರೆಸ್ಸಿನವರು ಅವಸರ ಮಾಡುತ್ತಿದ್ದಾರೆ, ತಿದ್ದುವುದಿದ್ದರೆ ಬೇಗ ತಿಳಿಸು. ಆ ವಾಕ್ಯ ತೆಗೆದರೆ ಅಧ್ಯಾಯ ನಿಲ್ಲುವುದಿಲ್ಲ, ಅಧ್ಯಾಯ ತೆಗೆದರೆ ಪುಸ್ತಕ ನಿಲ್ಲುವುದಿಲ್ಲ, ಇದು ನನಗೂ ಗೊತ್ತು. ಅಮ್ಮನನ್ನೇ ಕೇಳಿದೆ. "ಬದಲಾಯಿಸೋದೇನೂ ಬೇಡ. ವಾಕ್ಯ ಚೆನ್ನಾಗಿದೆ" ಎಂದಳು. ಕಿರಿಕಿರಿಯೆಂದರೆ ಇದು. ಅವಳು ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ಸುಲಭವಾಗಿತ್ತು. ಅವಳ ಪಾಡಿಗೆ ಅವಳು ಧೂಳು ಒರೆಸುತ್ತಿದ್ದಾಳೆ, ನಾನು ಅವಳ ಹಿಂದೆ ಹಿಂದೆ, ಇನ್ನೇನಾದರೂ ಹೇಳುತ್ತಾಳೋ ಎಂದು ಕೋಣೆಯಿಂದ ಕೋಣೆಗೆ ತಿರುಗುತ್ತಿದ್ದೇನೆ. "ಏನೋ ನನ್ನ ಕಾಲಡಿ ಸಿಕ್ಕಿಹಾಕ್ಕೊಳ್ತೀಯ" ಎಂದು ಬೈಸಿಕೊಳ್ಳುತ್ತಿದ್ದೇನೆ.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳಿಬ್ಬರಿಗೂ ನನ್ನ ಆಶೀರ್ವಾದ. ದೊಡ್ಡವಳು ಇತಿಹಾಸ ತೆಗೆದುಕೊಳ್ಳುತ್ತೇನೆ ಎನ್ನುತ್ತಿದ್ದಾಳಂತೆ, ತೆಗೆದುಕೊಳ್ಳಲಿ, ಮೊದಲು ಮುತ್ತಿಗೆಯ ಪುಸ್ತಕದ ಆ ಎರಡು ಪುಟ ಓದಿಸು. ಅಮ್ಮ ನಿನಗೆ ಬೇರೆಯಾಗಿ ಏನೂ ಹೇಳಿಲ್ಲ, "ಮೈ ಕಡೆ ನೋಡ್ಕೊಳ್ಳೋಕೆ ಹೇಳು" ಎಂದಳು. ಎಲ್ಲರೂ ಸುಖವಾಗಿರಿ.

ಇಂತಿ ನಿನ್ನ,
ತಮ್ಮ

ಮರೆತ ಮಾತು: ಪತ್ರ ಮಡಿಸುತ್ತಿರುವಾಗ ಅಮ್ಮ ಬಂದು, ಪುಸ್ತಕದಲ್ಲಿ ಬಾಕಿ ಉಳಿದದ್ದನ್ನು ಓದು ಎಂದಳು. ಉಳಿದದ್ದು ಕೃತಜ್ಞತೆಯ ಪುಟ ಮಾತ್ರ. ಓದಿದೆ. ಹೇಳಿಕೆ ಕೊಟ್ಟ ಎಲ್ಲರ ಪಟ್ಟಿ ಇದೆಯಲ್ಲ, ಕುಲುಮೆಯವರು, ಡ್ರೈವರ್, ಗೇಟಿನವನು, ಮಾಲೀಕರ ಅಳಿಯ ಕೂಡ. ಅವರಲ್ಲಿ ಮುಕ್ಕಾಲು ಜನ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕೂತು ನಿನ್ನ ಟೇಪ್ ರೆಕಾರ್ಡರಿಗೆ ಮಾತಾಡಿದ್ದರು. ಪಟ್ಟಿ ಮುಗಿದ ಮೇಲೆ ಕೊನೆಯ ಸಾಲು: "ಬಂದವರಿಗೆಲ್ಲ ಬೇಸರವಿಲ್ಲದೆ ಚಹಾ ಮಾಡಿಕೊಟ್ಟ ಅಮ್ಮನಿಗೆ."

"ಇನ್ನೊಂದ್ಸಲ ಓದು" ಎಂದಳು. ಓದಿದೆ.

"ಬೇಸರ ಆಗಿತ್ತು" ಎಂದಳು. "ಆ ಕುಲುಮೆ ಮೇಸ್ತ್ರಿ ಬಂದಿದ್ನಲ್ಲ, ಆ ಆಪರೇಟರ್ ಹುಡುಗಿ ಎಲ್ಲಿಗೆ ಹಾಳಾಗಿ ಹೋಗಿತ್ತೋ, ಹೋಗಿದ್ದೇ ನಮ್ಮ ಪುಣ್ಯ ಅಂತ ನಿಮ್ಮಕ್ಕನಿಗೆ ಹೇಳ್ತಾ ಇದ್ದ. ಹೇಳ್ತಾ ಹೇಳ್ತಾ ನನ್ನ ಕೈಯಿಂದಾನೇ ಕಪ್ಪು ತಗೊಂಡ. ಸಕ್ಕರೆ ಜಾಸ್ತಿ ಆಯ್ತಮ್ಮ ಅಂದ. ನಾನು ಟ್ರೇ ಹಿಡ್ಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಇವಳು ತಲೆ ಎತ್ತಿ ನೋಡಿದ್ಲು. ಈಗ ಕೇಳ್ತಾಳೆ ಅಂದ್ಕೊಂಡೆ. ಬಾಗಿಲು ಹಾಕ್ಕೊಂಡು ಹೋಗಮ್ಮ, ಟೇಪಲ್ಲಿ ಅಡುಗೆಮನೆ ಸದ್ದು ಬರುತ್ತೆ ಅಂದ್ಲು."

ಅವಳು ದೂರಿದ್ದಲ್ಲ, ತಿಳಿದುಕೋ. ನಡೆದದ್ದು ಹೇಳಿದಳು. ನಾನು, ಮತ್ತೆ ನೀನೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಕೇಳಿದ್ರೆ ಹೇಳ್ತಿದ್ದೆ. ನಿನ್ನದು ಬಿಡು, ನಿನಗೆ ಯಾವತ್ತೂ ಯಾರನ್ನೂ ಏನೂ ಕೇಳೋ ಅಭ್ಯಾಸ ಇಲ್ಲ. ಅವಳ ಕೆಲಸವೇ ಕೇಳೋದು" ಎಂದು ಎದ್ದು ಹೋದಳು.

ಗುರುವಾರ ನಿನ್ನ ಫೋನ್ ಬಂದಾಗ ಎತ್ತಿದ್ದು ಅವಳು. ನಾನು ಪಕ್ಕದಲ್ಲೇ ಇದ್ದೆ. "ಹೇಳಿ, ಯಾರು ಬೇಕು?" ಎಂದಳು. ನೀನು ಏನೋ ಹೇಳಿದೆ. ಅವಳು ರಿಸೀವರನ್ನು ನನ್ನ ಕಡೆ ಚಾಚಿದಳು, ಚಾಚಿ, ನಾನು ಮಾತಾಡಿ ಮುಗಿಸುವವರೆಗೂ ಗೋಡೆಗೆ ಒರಗಿ ನಿಂತಿದ್ದಳು. ಇಷ್ಟು ವರ್ಷದಿಂದ ವಾರಕ್ಕೊಮ್ಮೆ ಫೋನ್ ಮಾಡುತ್ತೀಯ, ಇಷ್ಟು ವರ್ಷದಿಂದ ಅವಳು ಅದನ್ನೇ ಕೇಳುತ್ತಿದ್ದಾಳೆ. ಯಾರು ಬೇಕು ಎಂದಾಗ, ಒಂದು ಸಲವಾದರೂ, "ನೀನೇ ಅಮ್ಮ" ಅಂದಿದ್ದೀಯಾ ಅಕ್ಕ?